ಕರಾರಿಗೆ ಸಹಿ ಹಾಕುವ ಮುನ್ನ: ಆರ್ಬಿಟ್ರೇಷನ್ ಷರತ್ತು ಓದುವುದು ಹೇಗೆ?

ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ, ಟ್ರ್ಯಾಕ್ಟರ್ ಸಾಲದ ಕಾಗದಕ್ಕೆ ಸಹಿ ಹಾಕುವಾಗ ಜನ ವಿಚಾರಿಸುವುದು ಬಡ್ಡಿ ಮತ್ತು ಕಂತು. ಇಂಗ್ಲಿಷಿನಲ್ಲಿ ಅಚ್ಚಾದ ಕರಾರಿನ ಕೊನೆಯ ಪುಟಗಳಲ್ಲಿ ‘ಆರ್ಬಿಟ್ರೇಷನ್’ ಎಂಬ ತಲೆಬರಹದಡಿ ನಾಲ್ಕು ಸಾಲು ಇರುತ್ತವೆ. ಕಂತು ತಪ್ಪಿ, ಚೆನ್ನೈನಿಂದಲೋ ಮುಂಬೈನಿಂದಲೋ ನೋಟಿಸ್ ಬಂದ ಮೇಲೆಯೇ ಅವುಗಳ ತೂಕ ತಿಳಿಯುವುದು.

ವ್ಯಾಜ್ಯ ಹುಟ್ಟಿದರೆ ಕೋರ್ಟಿನ ಬದಲು ಮಧ್ಯಸ್ಥರ ತೀರ್ಮಾನಕ್ಕೆ ಬದ್ಧರಾಗಿರುತ್ತೇವೆ ಎಂಬ ಮುಂಗಡ ಒಪ್ಪಿಗೆ ಅದು. ಊರ ಹಿರಿಯರ ಪಂಚಾಯ್ತಿಕೆ ಇಷ್ಟವಾಗದಿದ್ದರೆ ಎದ್ದು ಬರಬಹುದು. ಇಲ್ಲಿ ಹಾಗಿಲ್ಲ. 1996ರ ಮಧ್ಯಸ್ಥಿಕೆ ಮತ್ತು ರಾಜಿ ಸಂಧಾನ ಕಾಯ್ದೆಯ ಪ್ರಕಾರ ಮಧ್ಯಸ್ಥರು ಕೊಡುವ ಐತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಯಂತೆಯೇ ಜಾರಿಯಾಗುತ್ತದೆ.

ಮೊದಲು ನೋಡಬೇಕಾದ್ದು: ಯಾವ ಊರು?

ಷರತ್ತಿನಲ್ಲಿ ಮಧ್ಯಸ್ಥಿಕೆಯ ಸ್ಥಾನ ಯಾವುದೆಂದು ಬರೆದಿರುತ್ತದೆ. ಇದನ್ನು ಹಗುರವಾಗಿ ಕಾಣಬೇಡಿ. ಸ್ಥಾನ ಚೆನ್ನೈ ಆದರೆ ಐತೀರ್ಪನ್ನು ಪ್ರಶ್ನಿಸಲು ಸಾಮಾನ್ಯವಾಗಿ ಅಲ್ಲಿನ ಕೋರ್ಟಿಗೇ ಹೋಗಬೇಕು. ಜಾರಿಗೆ ಮಾತ್ರ ಆ ಕಷ್ಟವಿಲ್ಲ. ನಿಮ್ಮ ಆಸ್ತಿ ಎಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲೇ ನೇರವಾಗಿ ಜಾರಿ ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟ್ 2018ರ ಸುಂದರಂ ಫೈನಾನ್ಸ್ ಪ್ರಕರಣದಲ್ಲಿ ಹೇಳಿದೆ. ಅಂದರೆ ನೀವು ಚೆನ್ನೈವರೆಗೆ ಅಲೆಯಬೇಕು, ಸಾಲ ಕೊಟ್ಟವರು ಶಿವಮೊಗ್ಗಕ್ಕೆ ಬಂದರೆ ಸಾಕು. ಸಣ್ಣ ಸಾಲಗಾರನಿಗೆ ಇದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಕಾನೂನು ಸದ್ಯಕ್ಕೆ ಇರುವುದೇ ಹೀಗೆ.

ಮಧ್ಯಸ್ಥರನ್ನು ನೇಮಿಸುವವರು ಯಾರು?

‘ಕಂಪನಿ ನೇಮಿಸಿದ ಏಕ ಮಧ್ಯಸ್ಥರೇ ತೀರ್ಮಾನಿಸುತ್ತಾರೆ’ ಎಂಬ ಸಾಲು ಹಳೆಯ ಕರಾರುಗಳಲ್ಲಿ ಸಾಮಾನ್ಯ. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವ ಪಕ್ಷವೊಂದೇ ಹೀಗೆ ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಹೇಳಿದೆ. ಅಂಥ ನೇಮಕದ ನೋಟಿಸ್ ಬಂದರೆ ಕೂಡಲೇ ಲಿಖಿತ ಆಕ್ಷೇಪಣೆ ಕಳಿಸಿ, ಅಂಚೆ ರಸೀದಿ ಇಟ್ಟುಕೊಳ್ಳಿ. ವ್ಯಾಜ್ಯ ಶುರುವಾದ ಮೇಲೆ ‘ಈ ನೇಮಕಕ್ಕೆ ನನ್ನ ತಕರಾರಿಲ್ಲ’ ಎಂಬ ಕಾಗದವನ್ನು ಮುಂದೆ ಹಿಡಿದರೆ ಯೋಚಿಸದೆ ಸಹಿ ಮಾಡಬೇಡಿ. ಒಮ್ಮೆ ಹಾಗೆ ಬರೆದುಕೊಟ್ಟರೆ ಆಕ್ಷೇಪದ ಹಕ್ಕನ್ನು ಬಿಟ್ಟುಕೊಟ್ಟಂತೆ. ಇಬ್ಬರಿಗೂ ಒಮ್ಮತ ಬಾರದಿದ್ದರೆ ಹೈಕೋರ್ಟಿಗೆ ಅರ್ಜಿ ಹಾಕಿ ಮಧ್ಯಸ್ಥರನ್ನು ನೇಮಿಸಿಕೊಳ್ಳಬಹುದು. ಮಧ್ಯಸ್ಥಿಕೆಯ ಸ್ಥಾನ ಶಿವಮೊಗ್ಗವಾದರೆ ಅದು ಬೆಂಗಳೂರಿನ ಪ್ರಧಾನ ಪೀಠ.

ನಿಮ್ಮ ವ್ಯಾಜ್ಯಕ್ಕೆ ಷರತ್ತು ಅನ್ವಯಿಸುತ್ತದೆಯೇ?

ಷರತ್ತು ಇದ್ದ ಮಾತ್ರಕ್ಕೆ ಎಲ್ಲವೂ ಮಧ್ಯಸ್ಥರ ಬಳಿ ಹೋಗುವುದಿಲ್ಲ. ಮೆಕ್ಕೆಜೋಳ ಬಿತ್ತುವ ನಮ್ಮ ರೈತರು ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣವನ್ನು ನೆನಪಿಟ್ಟುಕೊಳ್ಳಬೇಕು. ಕಳಪೆ ಬೀಜದಿಂದ ಬೆಳೆ ಹೋಯಿತೆಂದು ಆಂಧ್ರದ ರೈತರು ಗ್ರಾಹಕ ವೇದಿಕೆಗೆ ಹೋದಾಗ, ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತಿದೆ ಎಂಬ ವಾದ ಬಂತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ಗ್ರಾಹಕ ದೂರಿಗೆ ಷರತ್ತು ಅಡ್ಡಿಯಲ್ಲ ಎಂದಿತು.

ಸಹಕಾರ ಸಂಘಗಳದ್ದು ಬೇರೆಯೇ ದಾರಿ. ಸಂಘ ಮತ್ತು ಸದಸ್ಯರ ನಡುವಿನ ವ್ಯಾಜ್ಯ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಸಂಘಗಳ ನಿಬಂಧಕರ ಮುಂದೆ ಹೋಗುತ್ತದೆ. ಚೆಕ್ ಬೌನ್ಸ್ ಕೇಸನ್ನು ಆರ್ಬಿಟ್ರೇಷನ್ ತಡೆಯುವುದಿಲ್ಲ. ಇನ್ನು ಶುಂಠಿ ಬೆಳೆಯಲು ಹೊಲವನ್ನು ಲೀಸಿಗೆ ಕೊಡುವವರು ಗಮನಿಸಿ: ಕೃಷಿ ಭೂಮಿಯ ಗೇಣಿಗೆ ಭೂಸುಧಾರಣಾ ಕಾಯ್ದೆಯ 5ನೇ ಕಲಮಿನ ನಿರ್ಬಂಧವಿದೆ. ಕರಾರೇ ಕಾನೂನಿಗೆ ವಿರುದ್ಧವಾಗಿದ್ದರೆ ಅದರೊಳಗಿನ ಮಧ್ಯಸ್ಥಿಕೆ ಷರತ್ತನ್ನು ನಂಬಿ ಕೂರುವುದು ಅಪಾಯ.

ನೀವೇ ಕರಾರು ಬರೆಸುವುದಾದರೆ

ಅಡಿಕೆ ತೋಟದ ಫಸಲು ಗುತ್ತಿಗೆ, ಕಟ್ಟಡದ ಕಂಟ್ರಾಕ್ಟು, ಪಾಲುದಾರಿಕೆ, ಇವಕ್ಕೆಲ್ಲ ಷರತ್ತು ಲಿಖಿತವಾಗಿರಲೇಬೇಕು. ಇಮೇಲ್ ವಿನಿಮಯವೂ ನಡೆಯುತ್ತದೆ, ಬಾಯಿಮಾತು ನಡೆಯದು. ‘ಬೇಕೆನಿಸಿದರೆ ಮಧ್ಯಸ್ಥರಿಗೆ ಒಪ್ಪಿಸಬಹುದು’ ಎಂದು ಬರೆಸಿದರೆ ಅದು ಒಪ್ಪಂದವೇ ಅಲ್ಲ, ಆಮೇಲೆ ಮತ್ತೊಮ್ಮೆ ಇಬ್ಬರೂ ಒಪ್ಪಬೇಕಾಗುತ್ತದೆ. ಹೀಗೆ ಬರೆಸಿ:

‘ಈ ಕರಾರಿನಿಂದ ಅಥವಾ ಇದಕ್ಕೆ ಸಂಬಂಧಿಸಿ ಹುಟ್ಟುವ ಎಲ್ಲ ವ್ಯಾಜ್ಯಗಳನ್ನು ಉಭಯತ್ರರೂ ಒಪ್ಪಿ ನೇಮಿಸುವ ಒಬ್ಬ ಮಧ್ಯಸ್ಥರ ಅಂತಿಮ ತೀರ್ಮಾನಕ್ಕೆ ಒಪ್ಪಿಸತಕ್ಕದ್ದು. ಮಧ್ಯಸ್ಥಿಕೆಯ ಸ್ಥಾನ ಶಿವಮೊಗ್ಗ. ಕಲಾಪದ ಭಾಷೆ ಕನ್ನಡ.’

ಭಾಷೆಯನ್ನು ಆರಿಸಿಕೊಳ್ಳುವ ಹಕ್ಕು 1996ರ ಕಾಯ್ದೆಯಲ್ಲೇ ಇದೆ, ಬಳಸುವವರು ಕಡಿಮೆ. ಮಧ್ಯಸ್ಥರ ಸಂಖ್ಯೆ ಸಮಸಂಖ್ಯೆಯಾಗುವಂತಿಲ್ಲ. ಮೂವರಾದರೆ ಶುಲ್ಕವೂ ಏರುತ್ತದೆ, ಅದನ್ನು ತೆರಬೇಕಾದವರು ಕರಾರಿನ ಪಕ್ಷಗಳೇ. ಎರಡು–ಮೂರು ಲಕ್ಷದ ವ್ಯವಹಾರಕ್ಕೆ ಈ ಷರತ್ತು ಹಾಕಿಸುವುದಕ್ಕಿಂತ ಸಿವಿಲ್ ಕೋರ್ಟು, ಲೋಕ ಅದಾಲತ್ತೇ ಮೇಲು.

ನೋಟಿಸ್ ಬಂದರೆ

ಅಂಚೆಯಣ್ಣ ತಂದ ಲಕೋಟೆಯನ್ನು ವಾಪಸು ಕಳಿಸಿ ನಿಶ್ಚಿಂತರಾಗುವುದು ದೊಡ್ಡ ತಪ್ಪು. ನೀವು ಹಾಜರಾಗದಿದ್ದರೂ ಕಲಾಪ ನಡೆದು ಐತೀರ್ಪು ಹೊರಬೀಳುತ್ತದೆ. ಅದರ ಪ್ರತಿ ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ ಅದೇ 1996ರ ಕಾಯ್ದೆಯ 34ನೇ ಕಲಮಿನಡಿ ಪ್ರಶ್ನಿಸಬೇಕು. ತಕ್ಕ ಕಾರಣವಿದ್ದರೆ ಇನ್ನೂ 30 ದಿನ, ಅದರಾಚೆಗೆ ಒಂದು ದಿನವೂ ಇಲ್ಲ. ಬಡ್ಡಿ ಹೆಚ್ಚಾಯಿತು, ತೀರ್ಪು ಸರಿಯಿಲ್ಲ ಎಂಬ ವಾದ ಅಲ್ಲಿ ಸಾಲದು. ನೋಟಿಸ್ ಸಿಗದಿರುವುದು, ನೇಮಕ ಕಾನೂನುಬಾಹಿರವಾಗಿರುವುದು ಮುಂತಾದ ಕೆಲವೇ ಕಾರಣಗಳಿಗೆ ಅವಕಾಶ.

ಷರತ್ತಿದ್ದರೂ ಎದುರು ಪಕ್ಷದವರು ಸ್ಥಳೀಯ ಕೋರ್ಟಿನಲ್ಲಿ ದಾವೆ ಹೂಡಿದ್ದರೆ, ಮಧ್ಯಸ್ಥಿಕೆ ಬೇಕೆನ್ನುವವರು 8ನೇ ಕಲಮಿನ ಅರ್ಜಿಯನ್ನು ತಮ್ಮ ಮೊದಲ ಹೇಳಿಕೆ ಕೊಡುವಷ್ಟರಲ್ಲೇ ಸಲ್ಲಿಸಬೇಕು, ತಡವಾದರೆ ಹಕ್ಕು ಹೋಯಿತು.

ವಕೀಲರ ಶುಲ್ಕ ಭರಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಹೋಗುವಾಗ ಕರಾರಿನ ಪ್ರತಿ, ಕಂತು ಕಟ್ಟಿದ ರಸೀದಿಗಳು, ನೋಟಿಸ್ ಬಂದ ಲಕೋಟೆ ಮೂರನ್ನೂ ಒಯ್ಯಿರಿ. ತಲುಪಿದ ದಿನಾಂಕಕ್ಕೆ ಆ ಲಕೋಟೆಯ ಅಂಚೆ ಮುದ್ರೆಯೇ ಸಾಕ್ಷಿ.