ಕಲ್ಲು-ಮಣ್ಣಿನ ಮನೆಯ ಪರೀಕ್ಷೆ



ಶಹಾಬಾದ್ ಕಲ್ಲನ್ನು ನಾವು ನೆಲಕ್ಕೆ ಹಾಸುತ್ತೇವೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳೆಯ ಮನೆಗಳಲ್ಲಿ ಕಲ್ಲೇ ಗೋಡೆ. ಮಾಳಿಗೆಗೆ ಮಣ್ಣಿನ ಹೊದಿಕೆ. ಬೇಸಿಗೆಗೆ ತಂಪು, ಭಾರ ಮಾತ್ರ ಅಪಾರ. ಒಂದಡಿ ದಪ್ಪದ ಮಣ್ಣು ಚದರ ಅಡಿಗೆ ಸುಮಾರು 45 ಕಿಲೋ. ಹತ್ತಡಿ ಚೌಕದ ಕೋಣೆಯ ಮೇಲೆ ನಾಲ್ಕೂವರೆ ಟನ್. ನೆನೆದರೆ ಇನ್ನೂ ಹೆಚ್ಚು. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯ ಕಡೆ ಸಾವಿರಾರು ಜನ ಸತ್ತದ್ದು ಇಂತಹ ಮನೆಗಳಡಿಯಲ್ಲೇ. 2021ರ ಅಕ್ಟೋಬರಿನಲ್ಲಿ ಚಿಂಚೋಳಿಯ ಗಡಿಕೇಶ್ವಾರವೂ ನಡುಗಿತು.

ಮನೆ ಕೊಳ್ಳುವ ಮುನ್ನ, ಪ್ರತಿ ಮಳೆಗಾಲಕ್ಕೆ ಮುನ್ನ, ನೋಡತಕ್ಕವು: ಗೋಡೆ ಉಬ್ಬಿದೆಯೆ? ಮೂಲೆ ಸೀಳಿದೆಯೆ? ತೊಲೆಯ ತುದಿಗೆ ಗೆದ್ದಲು ಹತ್ತಿದೆಯೆ? ಗೋಡೆಯ ಎರಡೂ ಮೈಯನ್ನು ಹಿಡಿದಿಡುವ ಉದ್ದಗಲ್ಲುಗಳಿವೆಯೆ? ಮಾಳಿಗೆ ಸೋರಿದರೆ ಮಣ್ಣಿನ ಮೇಲೆ ಮಣ್ಣು ಸುರಿಯದೆ ಹಳೆಯದನ್ನು ಕೆಳಗಿಳಿಸಿರಿ.

ನಮ್ಮ ತೋಟಗಳ ಹಳೆಯ ಲೈನ್‌ಮನೆಗಳ ಗೋಡೆಗೂ ಇದೇ ಪರೀಕ್ಷೆ. ಅಲ್ಲಿ ಮಲಗುವವರ ಜೀವಕ್ಕೆ ನಾವೇ ಹೊಣೆ.