ಪೌರಾಡಳಿತದಲ್ಲಿ ಎಲ್ಲರಿಗೂ ಪಾಲು

ಸರಕಾರವೆಂದೊಡನೆ ನಮ್ಮ ಕಣ್ಣ ಮುಂದೆ ದಿಲ್ಲಿಯ ಸಂಸತ್ತೋ ಮುಂಬಯಿಯ ಮಂತ್ರಾಲಯವೋ ಬಂದು ನಿಲ್ಲುವುದು ಸಹಜ. ಆದರೆ ನಮ್ಮ ನಿತ್ಯಜೀವನಕ್ಕೆ ಎಲ್ಲಕ್ಕಿಂತ ಸಮೀಪವಾದ ಸರಕಾರ ಅದಲ್ಲ. ಬೆಳಿಗ್ಗೆ ನಳಕ್ಕೆ ನೀರು ಬರಬೇಕು. ಗಟಾರು ಕಟ್ಟಿಕೊಳ್ಳದೆ ಹರಿಯಬೇಕು. ಬೀದಿಯ ದೀಪ ಉರಿಯಬೇಕು. ಕೂಸು ಹುಟ್ಟಿದರೆ ಅದರ ಹೆಸರು ದಫ್ತರದಲ್ಲಿ ಏರಬೇಕು. ಆರು ವರ್ಷದ ಬಾಲಕನಿಗೆ ಹತ್ತಿರದಲ್ಲಿಯೇ ಶಾಲೆ ಇರಬೇಕು. ಇವೆಲ್ಲವೂ ಊರಿನ ಸಭೆಯ ಕಾರ್ಯಗಳು. ಇಂತಹ ಸಭೆಗಳನ್ನು ಸ್ಥಾನಿಕ ಸ್ವರಾಜ್ಯ ಸಂಸ್ಥೆಗಳೆಂದು ಕರೆಯುತ್ತೇವೆ. ಸ್ವರಾಜ್ಯವೆಂದ ಮೇಲೆ ಅದು ಯಾರ ರಾಜ್ಯ? ಊರಿನ ಸರ್ವರದೋ, ಕೆಲವರದೋ? ಈ ಪ್ರಶ್ನೆಯನ್ನೇ ಈ ಪಾಠದಲ್ಲಿ ವಿಚಾರಿಸೋಣ.

ವಿಚಾರಕ್ಕೆ ನಮ್ಮ ನೆರೆಯ ಒಂದು ಊರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ. ಪುಣೆಯಿಂದ ಲೋಣಾವಳೆಯ ಕಡೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಆಕುರ್ಡಿಯ ತರುವಾಯ ಬರುವ ನಿಲ್ದಾಣವೇ ದೇಹೂ ರೋಡ್. ಸಂತ ತುಕಾರಾಮರ ದೇಹೂ ಗ್ರಾಮವು ಇಲ್ಲಿಂದ ಕೆಲವು ಮೈಲಿಗಳ ಆಚೆ ಇಂದ್ರಾಯಣೀ ನದಿಯ ದಂಡೆಯಲ್ಲಿದೆ. ಅಲ್ಲಿಗೆ ಹೋಗುವ ದಾರಿಯ ನಿಲ್ದಾಣವಾದ್ದರಿಂದ ಊರಿಗೆ ಈ ಹೆಸರು. ಆದರೆ ಊರು ಬೆಳೆದದ್ದು ಯಾತ್ರಿಕರಿಂದಲ್ಲ, ದಂಡಿನಿಂದ. ಸೈನ್ಯದ ಮದ್ದುಗುಂಡು ಮತ್ತು ಸಾಮಗ್ರಿಗಳ ಡಿಪೋಗಳ ಸುತ್ತಲೂ ಕೆಲಸಗಾರರ ವಸತಿಗಳು ಹುಟ್ಟಿಕೊಂಡವು. ಹೊಟ್ಟೆಯ ಪಾಡಿಗಾಗಿ ಬಂದವರು ಒಂದೇ ನಾಡಿನವರಾಗಿರಲಿಲ್ಲ. ಮರಾಠಿಗರ ಜೊತೆಗೆ ತಮಿಳರು, ತೆಲುಗರು, ಕನ್ನಡಿಗರು, ಮಲೆಯಾಳಿಗಳು, ಉತ್ತರದ ಹಿಂದೀ ಭಾಷಿಕರು ಇಲ್ಲಿ ನೆಲೆಸಿದರು. ಗುಡಿ, ಮಸೀದಿ, ಚರ್ಚು, ಗುರುದ್ವಾರ, ಬುದ್ಧವಿಹಾರಗಳಿಗೆ ಹೋಗುವ ಜನ ಒಂದೇ ಪೇಟೆಯಲ್ಲಿ ಕಾಯಿಪಲ್ಯ ಕೊಳ್ಳುತ್ತಾರೆ. 2011ರ ಜನಗಣತಿಯ ಪ್ರಕಾರ ಇಲ್ಲಿಯ ಜನಸಂಖ್ಯೆ ಸುಮಾರು 49 ಸಾವಿರ.

ಇಷ್ಟು ಬಗೆಯ ಜನರಿರುವ ಊರನ್ನು ಆಳುವುದು ಹೇಗೆ? ಎಲ್ಲರಿಗೂ ಒಂದೇ ನಿಯಮವಿದ್ದರೆ ನ್ಯಾಯ ದೊರೆಯಿತೆಂದು ಕೆಲವರು ತಿಳಿಯುತ್ತಾರೆ. ಇದು ಅರ್ಧ ಸತ್ಯ. ಪಂಕ್ತಿಯ ಊಟವನ್ನು ನೆನೆಯಿರಿ. ಎಲ್ಲರ ಎಲೆಗೂ ಸಮನಾಗಿ ಬಡಿಸಿದರೆ ಅದು ಸಮಾನತೆ. ಆದರೆ ಮೆಟ್ಟಿಲು ಹತ್ತಲಾರದ ಮುದುಕನೊಬ್ಬ ಹೊರಗೆಯೇ ಉಳಿದಿದ್ದರೆ, ಊಟದ ಕರೆ ತನಗೆ ತಿಳಿಯುವ ಭಾಷೆಯಲ್ಲಿ ಬಾರದೆ ಒಬ್ಬಳು ಮನೆಯಲ್ಲಿಯೇ ಕುಳಿತಿದ್ದರೆ, ಒಬ್ಬನನ್ನು ಜಾತಿಯ ಕಾರಣದಿಂದ ಬಾಗಿಲಲ್ಲಿಯೇ ತಡೆದಿದ್ದರೆ, ಒಳಗಿನ ಆ ಸಮಾನತೆಯಿಂದ ಅವರಿಗೇನು ಪ್ರಯೋಜನ? ಮುದುಕನ ಕೈಹಿಡಿದು ಕರೆತರುವುದು, ಕರೆಯನ್ನು ಅವಳ ಭಾಷೆಯಲ್ಲಿ ಕಳುಹುವುದು, ಬಾಗಿಲ ತಡೆಯನ್ನು ಕಿತ್ತುಹಾಕುವುದು—ಇದಕ್ಕೆ ಸಮತೆಯೆನ್ನುತ್ತೇವೆ. ಅವರವರ ಅಡ್ಡಿಯನ್ನು ಅರಿತು ನಿವಾರಿಸಿದ ಮೇಲೆಯೇ ಸಮಾನವಾದ ಬಡಿಕೆಗೆ ಬೆಲೆ ಬರುವುದು. ಪೌರಾಡಳಿತದ ಧರ್ಮವೂ ಇದೇ.

ಈ ವಿಚಾರವು ಪುಣೆಗೆ ಹೊಸದಲ್ಲ. ಮಹಾತ್ಮಾ ಜೋತಿರಾವ್ ಫುಲೆಯವರು 1868ರಲ್ಲಿ ತಮ್ಮ ಮನೆಯ ನೀರಿನ ಹೌದನ್ನು ಅಸ್ಪೃಶ್ಯರೆನಿಸಿದವರಿಗೆ ತೆರೆದುಕೊಟ್ಟರು. 1876ರಲ್ಲಿ ಅವರು ಪುಣೆಯ ಮುನ್ಸಿಪಾಲಿಟಿಯ ಸದಸ್ಯರಾದರು. ವೈಸರಾಯ ಲಿಟ್ಟನರ ಸ್ವಾಗತದ ಆಡಂಬರಕ್ಕೆ ಊರಿನ ಹಣವನ್ನು ವೆಚ್ಚಮಾಡುವ ಪ್ರಶ್ನೆ ಬಂದಾಗ ಅದನ್ನು ವಿರೋಧಿಸಿ, ಬಡವರ ಶಿಕ್ಷಣಕ್ಕೆ ಅದು ಸಲ್ಲಬೇಕೆಂದು ವಾದಿಸಿದರು. ಬಡವರ ಮನೆಯ ಕಷ್ಟ ಬಲ್ಲವನು ಸಭೆಯಲ್ಲಿ ಕುಳಿತಿದ್ದರಿಂದಲೇ ಆ ಮಾತು ಅಲ್ಲಿ ಕೇಳಿಬಂದಿತು. ಅಳದ ಕೂಸಿಗೆ ತಾಯಿಯೂ ಹಾಲುಣಿಸಳೆಂಬ ಗಾದೆಯುಂಟು. ಸಭೆಯಲ್ಲಿ ದನಿಯಿಲ್ಲದ ಕೇರಿಗೆ ನೀರು ಕೊನೆಗೆ ಬರುತ್ತದೆ.

ಸ್ತ್ರೀಯರ ವಿಷಯದಲ್ಲಿಯೂ ಹೀಗೆಯೇ ಆಯಿತು. 1918ರ ಕಾಯಿದೆಯಿಂದ ಮುಂಬಯಿ ಇಲಾಖೆಯ ಮುನ್ಸಿಪಾಲಿಟಿಗಳಿಗೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಅಧಿಕಾರ ಬಂದಿತು. ಪುಣೆಯಲ್ಲಿ, ಮೊದಲು ಬಾಲಕರಿಗೆ ಮಾತ್ರ ಕಡ್ಡಾಯವಾಗಲಿ, ಬಾಲಿಕೆಯರದನ್ನು ಮುಂದೆ ನೋಡೋಣ ಎಂಬ ಪಕ್ಷವು ಬಲವಾಗಿದ್ದಿತು. ರಮಾಬಾಯಿ ರಾನಡೆಯವರ ಮುಂದಾಳುತನದಲ್ಲಿ ಸ್ತ್ರೀಯರು ಇದನ್ನು ಪ್ರತಿಭಟಿಸಿ ಬೀದಿಗಿಳಿದರು. ಅಣ್ಣನ ಜೊತೆಗೆ ತಂಗಿಯೂ ಶಾಲೆಗೆ ಹೋಗಬೇಕೆಂಬುದು ಇಂದು ನಮಗೆ ಸಾಮಾನ್ಯವಾದ ಮಾತು. ಅಂದು ಅದಕ್ಕಾಗಿ ಮೆರವಣಿಗೆ ತೆಗೆಯಬೇಕಾಯಿತು.

ಇನ್ನು ಮಹಾಡದ ವೃತ್ತಾಂತವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಸಾರ್ವಜನಿಕ ಕೆರೆಬಾವಿಗಳನ್ನು ಅಸ್ಪೃಶ್ಯರೆನಿಸಿದವರೂ ಬಳಸಬಹುದೆಂದು 1923ರಲ್ಲಿ ಮುಂಬಯಿಯ ವಿಧಾನ ಪರಿಷತ್ತು ಠರಾವು ಮಾಡಿತು. ಅದನ್ನನುಸರಿಸಿ ಕೊಂಕಣದ ಮಹಾಡ ಮುನ್ಸಿಪಾಲಿಟಿಯು ತನ್ನ ಚವದಾರ ಕೆರೆಯನ್ನು ಸರ್ವರಿಗೂ ತೆರೆದಿರುವುದಾಗಿ ಠರಾವು ಬರೆಯಿತು. ಆದರೆ ಬರೆದದ್ದು ಬರೆದಲ್ಲಿಯೇ ಉಳಿಯಿತು; ಕೆರೆಯ ನೀರನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತಾಯಿತು. 1927ರ ಮಾರ್ಚ್ 20ರಂದು ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರರು ಸಹಸ್ರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಕುಡಿದರು. ಅದಕ್ಕಾಗಿ ಅವರ ಜನರು ಪೆಟ್ಟು ತಿಂದರು. ಕೋರ್ಟಿನ ವ್ಯಾಜ್ಯವು ಹತ್ತು ವರ್ಷ ನಡೆದು, 1937ರಲ್ಲಿ ಮುಂಬಯಿಯ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಒಂದು ಬೊಗಸೆ ನೀರಿಗೆ ಠರಾವು ಸಾಲಲಿಲ್ಲ. ಠರಾವನ್ನು ನಡೆಯಿಸುವ ಮನಸ್ಸೂ ಅದನ್ನು ಕೇಳಿ ಪಡೆಯುವ ಜನರೂ ಬೇಕಾದರು.

ಅದೇ ಅಂಬೇಡ್ಕರರು 1954ರ ಡಿಸೆಂಬರ್ 25ರಂದು ದೇಹೂ ರೋಡಿಗೆ ಬಂದು, ಅಲ್ಲಿಯ ವಿಹಾರದಲ್ಲಿ ಬ್ರಹ್ಮದೇಶದಿಂದ ತಂದ ಬುದ್ಧಮೂರ್ತಿಯನ್ನು ಸ್ಥಾಪಿಸಿದರು. ನಾಗಪುರದ ದೀಕ್ಷೆಗೆ ಇನ್ನೂ ಸುಮಾರು ಎರಡು ವರ್ಷಗಳಿದ್ದ ಕಾಲವದು. ಮಹೂ ಎಂಬ ದಂಡಿನ ಊರಿನಲ್ಲಿ ಹುಟ್ಟಿದ ಆ ಮಹನೀಯರಿಗೆ, ಡಿಪೋಗಳಲ್ಲಿ ದುಡಿಯುವ ಇಲ್ಲಿಯ ಜನರು ಅಪರಿಚಿತರಂತೆ ತೋರಿರಲಾರರು. ಹೀಗಾಗಿ ಸಮತೆಯ ವಿಚಾರಕ್ಕೂ ದೇಹೂ ರೋಡಿಗೂ ಇರುವ ಸಂಬಂಧವು ಹಳೆಯದು.

ಸ್ವಾತಂತ್ರ್ಯದ ತರುವಾಯ ಈ ವಿಚಾರಕ್ಕೆ ಕಾಯಿದೆಯ ಬಲ ಬಂದಿತು. ಕರ್ನಾಟಕದಲ್ಲಿ 1983ರ ಕಾಯಿದೆಯ ಪ್ರಕಾರ 1987ರಲ್ಲಿ ನಡೆದ ಜಿಲ್ಲಾ ಪರಿಷತ್ತುಗಳ ಚುನಾವಣೆಯಲ್ಲಿ ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳು ಮೀಸಲಾಗಿದ್ದವು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯಿಂದ ದೇಶದ ನಗರಸಭೆಗಳಲ್ಲೆಲ್ಲ ಪರಿಶಿಷ್ಟ ಜಾತಿ ಮತ್ತು ವರ್ಗಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿಯೂ ಸ್ತ್ರೀಯರಿಗೆ ಕನಿಷ್ಠ ಮೂರನೆಯ ಒಂದು ಪಾಲಿನಷ್ಟೂ ಸ್ಥಾನಗಳು ದೊರೆತವು. ಮಹಾರಾಷ್ಟ್ರವು 2011ರಲ್ಲಿ ಸ್ತ್ರೀಯರ ಪಾಲನ್ನು ಅರ್ಧಕ್ಕೆ ಏರಿಸಿತು. ಮೀಸಲಿನಿಂದ ಯೋಗ್ಯತೆ ಕುಂದುವುದೆಂದು ಆಕ್ಷೇಪಿಸುವವರುಂಟು. ಚುನಾಯಿತಳಾದ ಪತ್ನಿಯ ಬದಲು ಪತಿಯೇ ಕಾರಭಾರ ನಡೆಸುವ ಊರುಗಳೂ ಉಂಟು, ನಿಜ. ಆದರೆ ಅದು ಆ ಪತಿಯನ್ನು ಹೊರಗೆ ಕೂರಿಸಲು ಕಾರಣವಾಗಬೇಕೇ ಹೊರತು ಪತ್ನಿಯ ಸ್ಥಾನವನ್ನು ಕಸಿಯಲು ಅಲ್ಲ. ಈಜು ಬರುವುದಿಲ್ಲವೆಂದು ನೀರಿಗಿಳಿಯಗೊಡದಿದ್ದರೆ ಈಜು ಎಂದಿಗೆ ಬಂದೀತು?

ಆದರೆ ದೇಹೂ ರೋಡಿನ ವ್ಯವಸ್ಥೆಯು ಪುಣೆ ಅಥವಾ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಗಳದರಿಂದ ಭಿನ್ನವಾದುದು. ದಂಡಿನ ಪ್ರದೇಶಗಳು ಕೇಂದ್ರ ಸರಕಾರದ ವಿಷಯ. ಅವುಗಳ ಆಡಳಿತವನ್ನು ನೋಡಿಕೊಳ್ಳುವುದು ಕ್ಯಾಂಟೋನ್ಮೆಂಟ್ ಬೋರ್ಡು. 1924ರ ಹಳೆಯ ಕಾಯಿದೆಯ ಬದಲಿಗೆ 2006ರ ಕಾಯಿದೆ ಬಂದಿದೆ. ಅದರ ಪ್ರಕಾರ ಸ್ಥಳದ ಸೇನಾಧಿಕಾರಿಯೇ ಬೋರ್ಡಿನ ಅಧ್ಯಕ್ಷರು. ದೇಹೂ ರೋಡಿನಂತಹ ಎರಡನೆಯ ವರ್ಗದ ದಂಡಿನಲ್ಲಿ ಪೂರ್ಣ ಬೋರ್ಡಿಗೆ ಜನರು ಚುನಾಯಿಸಿದ 7 ಸದಸ್ಯರೂ ಅಷ್ಟೇ ಸಂಖ್ಯೆಯ ಅಧಿಕಾರಿಗಳೂ ಇರತಕ್ಕದ್ದು. ಚುನಾಯಿತ ಸ್ಥಾನಗಳಲ್ಲಿ ಸ್ತ್ರೀಯರಿಗೂ ಪರಿಶಿಷ್ಟರಿಗೂ ಮೀಸಲಿಡುವ ಏರ್ಪಾಡನ್ನೂ ಈ ಕಾಯಿದೆ ತಂದಿತು.

ಆದರೆ ಕುರ್ಚಿಯೇ ಖಾಲಿಯಾದರೆ ಮೀಸಲಿನಿಂದೇನು? 2015ರಲ್ಲಿ ಚುನಾಯಿತರಾದ ದಂಡಿನ ಸದಸ್ಯರ ಅವಧಿಯು ವಿಸ್ತರಣೆಯನ್ನೂ ಸೇರಿಸಿಕೊಂಡು 2021ರ ಫೆಬ್ರವರಿಯಲ್ಲಿ ಮುಗಿಯಿತು. ಅನಂತರ ಚುನಾವಣೆಯಾಗಲಿಲ್ಲ, ಅಧ್ಯಕ್ಷರು, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಮತ್ತು ಸರಕಾರ ನಾಮಕರಣ ಮಾಡಿದ ಒಬ್ಬ ನಾಗರಿಕ ಸದಸ್ಯ, ಹೀಗೆ ಮೂವರ ಬೋರ್ಡುಗಳು ರಚಿತವಾದವು. 2023ರ ಏಪ್ರಿಲ್ 30ಕ್ಕೆ ಗೊತ್ತುಪಡಿಸಿದ್ದ ಚುನಾವಣೆಯನ್ನು ಮಾರ್ಚಿನಲ್ಲಿಯೇ ಹಿಂತೆಗೆದುಕೊಳ್ಳಲಾಯಿತು. ದಂಡಿನ ನಾಗರಿಕ ವಸತಿಗಳನ್ನು ನೆರೆಯ ನಗರಸಭೆಗಳಿಗೆ ಸೇರಿಸುವ ವಿಚಾರವು ಸರಕಾರದ ಮುಂದಿದ್ದುದೇ ಇದಕ್ಕೆ ಕಾರಣ. ಸೇರಿಸುವುದು ಒಳಿತೋ ಕೆಡುಕೋ ಎಂಬುದು ಬೇರೆ ಮಾತು. ಹಲವು ಭಾಷೆಯ, ಹಲವು ಜಾತಿಯ, ಸುಮಾರು 49 ಸಾವಿರ ಜನರ ಪರವಾಗಿ ಒಬ್ಬನೇ, ಅವನೂ ಅವರು ಆರಿಸದವನು, ಮಾತನಾಡಬೇಕಾದ ಸ್ಥಿತಿಯು ಎಷ್ಟು ಕಠಿಣವೆಂಬುದನ್ನು ನೀವೇ ಯೋಚಿಸಿರಿ. ಒಳ್ಳೆಯ ಅಧಿಕಾರಿಯು ಒಳ್ಳೆಯ ಕೆಲಸ ಮಾಡಬಹುದು. ಆದರೆ ಅವನು ಕೆಟ್ಟದ್ದನ್ನು ಮಾಡಿದರೆ ಕೇಳುವ ಹಕ್ಕು ಜನರ ಕೈಯಲ್ಲಿರುವುದಕ್ಕೇ ಸ್ವರಾಜ್ಯವೆಂದು ಹೆಸರು.

ಈಗ ಭಾಷೆಯ ಮಾತಿಗೆ ಬರೋಣ. ಇದು ನಮ್ಮೆಲ್ಲರಿಗೂ ತಟ್ಟುವ ಮಾತು. ಭಾಷಾವಾರು ಪ್ರಾಂತಗಳಾದ 1956ನೆಯ ವರ್ಷದಲ್ಲಿಯೇ ಸಂವಿಧಾನಕ್ಕೆ 350-ಎ ಎಂಬ ವಿಧಿಯನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ರಾಜ್ಯದಲ್ಲಿರುವ ಪ್ರತಿಯೊಂದು ಸ್ಥಾನಿಕ ಸಂಸ್ಥೆಯೂ ಯತ್ನಿಸಬೇಕೆಂದು ಅದು ಹೇಳುತ್ತದೆ. ರಾಜ್ಯವೆಂದಷ್ಟೇ ಹೇಳಿ ನಿಲ್ಲಿಸದೆ ಸ್ಥಾನಿಕ ಸಂಸ್ಥೆಯನ್ನೂ ಹೆಸರಿಸಿದೆಯೆಂಬುದನ್ನು ಗಮನಿಸಿರಿ. ಮರಾಠಿಯ ನಾಡಿನಲ್ಲಿ ನಾವು ಕನ್ನಡದಲ್ಲಿ ಓದುತ್ತಿರುವುದು ಯಾರೋ ತೋರಿದ ಕೃಪೆಯಲ್ಲ. ಸಂವಿಧಾನವು ಮಾನ್ಯಮಾಡಿದ ನೀತಿ.

ಆದರೆ ಹಕ್ಕು ಎರಡು ಅಂಚಿನ ಬಟ್ಟೆ. ಪುಣೆಯಲ್ಲಿ ಕನ್ನಡದ ಶಾಲೆ ಬೇಕೆನ್ನುವ ನಾವು ಕರ್ನಾಟಕದಲ್ಲಿ ಮರಾಠಿ, ಉರ್ದು, ತೆಲುಗು, ತಮಿಳು ಶಾಲೆಗಳಿರುವುದನ್ನು ಕಂಡು ಹುಬ್ಬು ಗಂಟಿಕ್ಕಬಾರದು. ನಾವು ನೆಲೆಸಿದ ನಾಡಿನ ಮರಾಠಿಯನ್ನು ಚೆನ್ನಾಗಿ ಕಲಿಯುವುದೂ ನಮ್ಮ ಕರ್ತವ್ಯ. ಮರಾಠಿ ಬಲ್ಲ ಕನ್ನಡ ವಿದ್ಯಾರ್ಥಿಯು ನೆರೆಯ ಅಜ್ಜಿಗೆ ನೀರಿನ ಬಿಲ್ಲನ್ನೋ ಲಸಿಕೆಯ ಸೂಚನೆಯನ್ನೋ ಓದಿ ತಿಳಿಸಿದರೆ, ಸಭೆ ಮಾಡದೆ ಬಿಟ್ಟ ಕೆಲಸವನ್ನು ಅವನು ಮಾಡಿದಂತಾಗುತ್ತದೆ.

ಇನ್ನೂ ಕೆಲವರು ಪಂಕ್ತಿಯ ಹೊರಗೆ ನಿಂತಿರುತ್ತಾರೆ. ಊರು ಏಳುವ ಮೊದಲೇ ಬೀದಿ ಗುಡಿಸುವವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು? ಮಲ ಹೊರುವ ಕೆಲಸಕ್ಕೆ ಮನುಷ್ಯರನ್ನು ನೇಮಿಸುವುದನ್ನೂ, ರಕ್ಷಣೆಯಿಲ್ಲದೆ ಗಟಾರಿನ ಗುಂಡಿಗೆ ಅವರನ್ನು ಇಳಿಸುವುದನ್ನೂ 2013ರ ಕಾಯಿದೆ ನಿಷೇಧಿಸಿದೆ. ಬೀದಿಯ ವ್ಯಾಪಾರಿಗಳಿಗಾಗಿ 2014ರಲ್ಲಿ ಕಾಯಿದೆಯಾಗಿ, ಅವರ ಜಾಗವನ್ನು ಗೊತ್ತುಪಡಿಸುವ ಸಮಿತಿಯಲ್ಲಿ ನೂರಕ್ಕೆ 40ರಷ್ಟು ಸ್ಥಾನಗಳು ವ್ಯಾಪಾರಿಗಳಿಗೇ ಸಲ್ಲಬೇಕೆಂದೂ ಅವುಗಳಲ್ಲಿ ಮೂರನೆಯ ಒಂದು ಪಾಲು ಸ್ತ್ರೀಯರದಾಗಬೇಕೆಂದೂ ವಿಧಿಸಲಾಯಿತು. ಅಂಗವಿಕಲರು ಸಾರ್ವಜನಿಕ ಕಟ್ಟಡಗಳೊಳಗೆ ಸುಲಭವಾಗಿ ಹೋಗುವಂತಿರಬೇಕೆಂದು 2016ರ ಕಾಯಿದೆ ಹೇಳುತ್ತದೆ. ಕಚೇರಿಯ ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು ಕಟ್ಟಲು ಬೇಕಾಗುವುದು ಕೆಲವು ಚೀಲ ಸಿಮೆಂಟು ಮಾತ್ರ. ಆದರೆ ಗಾಲಿಕುರ್ಚಿಯಲ್ಲಿ ಬರುವವನಿಗೆ ಅದೇ ಸ್ವರಾಜ್ಯದ ಬಾಗಿಲು.

ಕಾಯಿದೆಗಳು ಇಷ್ಟಿದ್ದರೂ ಮಹಾಡದ ಪಾಠವನ್ನು ಮರೆಯಬಾರದು. ಊರಿನ ಆಡಳಿತವನ್ನು ಅಳೆಯಬೇಕಾದದ್ದು ಕಚೇರಿಯ ಗೋಡೆಗೆ ತೂಗುಹಾಕಿದ ಹಲಗೆಯಿಂದಲ್ಲ, ಕೊನೆಯ ಕೇರಿಯ ಕೊನೆಯ ನಳದಿಂದ. ಅಲ್ಲಿಗೆ ನೀರು ತಲುಪಿದ್ದರೆ ಸಭೆಯಲ್ಲಿ ಆ ಕೇರಿಯ ದನಿಯಿದೆಯೆಂದು ತಿಳಿಯಬಹುದು.

ವಿದ್ಯಾರ್ಥಿಮಿತ್ರರೇ, ಈ ಪಾಠಕ್ಕೆ ಪರೀಕ್ಷೆಯ ಪತ್ರಿಕೆಯಿಲ್ಲ. ಬರುವ ರಜೆಯಲ್ಲಿ ನಿಮ್ಮ ಊರಿನಲ್ಲಿಯೇ ಈ ನಾಲ್ಕು ಸಂಗತಿಗಳನ್ನು ವಿಚಾರಿಸಿ ಬರೆದು ತನ್ನಿರಿ. ನಿಮ್ಮ ವಾರ್ಡಿನಿಂದ ಸಭೆಯಲ್ಲಿ ಯಾರು ಕುಳಿತಿದ್ದಾರೆ, ಅಥವಾ ಆ ಸ್ಥಾನ ಎಂದಿನಿಂದ ಖಾಲಿಯಿದೆ? ಕಚೇರಿಯ ಸೂಚನೆಗಳು ಎಷ್ಟು ಭಾಷೆಗಳಲ್ಲಿವೆ, ಓದಲಾರದವರಿಗೆ ಯಾರು ತಿಳಿಸುತ್ತಾರೆ? ಕಚೇರಿಯ ಬಾಗಿಲಿಗೆ ಮೆಟ್ಟಿಲಿಲ್ಲದ ದಾರಿ ಇದೆಯೇ? ನೀರು ಮೊದಲು ಬರುವ ಬೀದಿ ಯಾವುದು, ಕೊನೆಗೆ ಬರುವ ಬೀದಿ ಯಾವುದು? ಉತ್ತರಗಳನ್ನು ಒಂದೆಡೆ ಕೂಡಿಸಿದರೆ ನಿಮ್ಮ ಊರಿನ ಸ್ವರಾಜ್ಯದ ನಕಾಶೆಯೇ ಸಿದ್ಧವಾಗುತ್ತದೆ. ಹದಿನೆಂಟು ವರ್ಷ ತುಂಬಿದ ದಿನ ನಿಮಗೆ ಮತ ಬರುತ್ತದೆ. ಆ ಮತವನ್ನು ಎಲ್ಲಿ ಇಡಬೇಕೆಂಬುದನ್ನು ಈ ನಕಾಶೆ ತೋರಿಸಲಿ.