ಇಂಧನ ಇಂಜೆಕ್ಟರಿನ ಚಾಲಕ ವಿದ್ಯುನ್ಮಂಡಲ

ನಮ್ಮ ಮುಂಡರಗಿ, ಶಿರಹಟ್ಟಿ ಭಾಗದ ಒಕ್ಕಲಿಗರಿಗೆ ಟ್ರ್ಯಾಕ್ಟರಿನ ಮೈಕೋ ಪಂಪು ಚಿರಪರಿಚಿತವಾದುದು. 1951ರಲ್ಲಿ ಆರಂಭವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದು, 2008ರಲ್ಲಿ ಬಾಷ್ ಎಂಬ ಹೆಸರು ಪಡೆದ ಕಂಪನಿಯ ಆ ಪಂಪು ಯಂತ್ರಬಲದಿಂದಲೇ ಡೀಸೆಲನ್ನು ಚಿಮ್ಮಿಸುತ್ತಿತ್ತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ತರುವಾಯವಾದರೋ ಹೊಸ ಮೋಟಾರು ಸೈಕಲ್ಲುಗಳಲ್ಲಿ ಬಹುಪಾಲು ಕಾರ್ಬ್ಯುರೇಟರನ್ನು ತ್ಯಜಿಸಿ ವಿದ್ಯುತ್ ಇಂಜೆಕ್ಟರನ್ನು ಧರಿಸಿವೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರಗಳ ಗ್ಯಾರೇಜುಗಳಲ್ಲಿ ಜೆಟ್ ಊದಿ, ಸ್ಕ್ರೂ ತಿರುಗಿಸಿ ಅನ್ನ ಸಂಪಾದಿಸುತ್ತಿದ್ದ ಕೈಗಳಿಗೆ ಇದೀಗ ವಿದ್ಯುತ್ತಿನ ಲೆಕ್ಕವೂ ಬೇಕಾಗಿದೆ. ಪ್ರೌಢಶಾಲೆಯ ಭೌತಶಾಸ್ತ್ರ ಬಲ್ಲವನಿಗೆ ಅದು ಅಸಾಧ್ಯವೇನಲ್ಲ.

ಇಂಜೆಕ್ಟರೆಂಬುದು ತಾಮ್ರದ ಸುರುಳಿಯುಳ್ಳ ಸಣ್ಣ ಕವಾಟ. ವಿದ್ಯುತ್ತು ಹರಿದಾಗ ಸುರುಳಿಯು ಅಯಸ್ಕಾಂತವಾಗಿ ಸೂಜಿಯನ್ನು ಮೇಲೆಳೆಯುತ್ತದೆ. ಒತ್ತಡದಲ್ಲಿರುವ ಪೆಟ್ರೋಲು ತುಂತುರಾಗಿ ಚಿಮ್ಮುತ್ತದೆ. ವಿದ್ಯುತ್ತು ನಿಂತೊಡನೆ ಸ್ಪ್ರಿಂಗು ಸೂಜಿಯನ್ನು ಕೆಳಕ್ಕೊತ್ತುತ್ತದೆ. ತೆರೆದಿದ್ದ ಕಾಲವೆಷ್ಟೋ ಇಂಧನವೂ ಅಷ್ಟು. ನಿಮಿಷಕ್ಕೆ 6000 ಸುತ್ತು ತಿರುಗುವ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದು ಆವೃತ್ತಿಗೆ ದೊರೆಯುವ ಕಾಲ 20 ಮಿಲಿಸೆಕೆಂಡು. ಎಂಜಿನ್ನು ಮಂದವಾಗಿ ಓಡುವಾಗ ಸೂಜಿ ತೆರೆದಿರುವುದು ಸುಮಾರು 2-3 ಮಿಲಿಸೆಕೆಂಡು ಮಾತ್ರ. ಲಘುವಿಗೆ ಒಂದು ಮಾತ್ರೆಯೆಂದು ಎಣಿಸಿ ತೃಪ್ತರಾಗುವ ಛಂದಸ್ಸಿನ ವಿದ್ಯಾರ್ಥಿಗಳು ಈ ಸೂಕ್ಷ್ಮತೆಗೆ ಬೆರಗಾಗಲೇಬೇಕು!

ಸುರುಳಿಯ ರೋಧ 12 ಓಮ್, ಬ್ಯಾಟರಿ 12 ವೋಲ್ಟ್, ಪ್ರೇರಕತೆ 12 ಮಿಲಿಹೆನ್ರಿ ಎಂದಿಟ್ಟುಕೊಳ್ಳೋಣ. ಪೂರ್ಣ ಪ್ರವಾಹ 1 ಆಂಪಿಯರ್; ಕಾಲಸ್ಥಿರಾಂಕ 1 ಮಿಲಿಸೆಕೆಂಡು. ಸುರುಳಿಯ ಕೆಳತುದಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರನ್ನು ಸ್ವಿಚ್ಚಿನಂತೆ ನಿಲ್ಲಿಸಿದರೆ ಪ್ರವಾಹವನ್ನು ಆರಂಭಿಸುವ ಕಾರ್ಯ ಮುಗಿಯಿತು. ಕಷ್ಟವಿರುವುದು ಅದನ್ನು ನಿಲ್ಲಿಸುವುದರಲ್ಲಿ. ಹರಿಯುತ್ತಿರುವ ಪ್ರವಾಹವನ್ನು ಸುರುಳಿಯು ತಟ್ಟನೆ ಬಿಟ್ಟುಕೊಡದು. ದಾರಿ ಕಾಣದಿದ್ದರೆ ವೋಲ್ಟೇಜನ್ನು ನೂರಾರಕ್ಕೆ ಏರಿಸಿ ಟ್ರಾನ್ಸಿಸ್ಟರನ್ನೇ ಕೆಡಿಸೀತು. ಆದುದರಿಂದ ಹಲವರು ಸುರುಳಿಗೆ ಅಡ್ಡಲಾಗಿ ಒಂದು ಸಾದಾ ಡಯೋಡನ್ನು ಬೆಸೆದು ನಿಶ್ಚಿಂತರಾಗುತ್ತಾರೆ. ಟ್ರಾನ್ಸಿಸ್ಟರೇನೋ ಉಳಿಯಿತು, ಆದರೆ ಪ್ರವಾಹವು ಒಳಗೊಳಗೇ ಸುತ್ತುತ್ತ, ಕಾಲು ಆಂಪಿಯರಿಗೆ ಇಳಿಯಲು ಸುಮಾರು 1.2 ಮಿಲಿಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತು ಸೂಜಿ ಮುಚ್ಚಲು ತಡೆ, ಪೆಟ್ರೋಲು ಪೋಲು.

ಬದಲಾಗಿ, 60 ವೋಲ್ಟಿನಲ್ಲಿ ತಡೆಯುವ ಝೀನರ್ ಡಯೋಡನ್ನು ಟ್ರಾನ್ಸಿಸ್ಟರಿಗೆ ಅಡ್ಡಲಾಗಿ ಜೋಡಿಸಿರಿ. ಬ್ಯಾಟರಿಯ 12 ಕಳೆದು 48 ವೋಲ್ಟು ಪ್ರವಾಹವನ್ನು ಎದುರಿಸುತ್ತದೆ. ಅದೇ ಇಳಿತಕ್ಕೆ ಸುಮಾರು 0.16 ಮಿಲಿಸೆಕೆಂಡು ಸಾಕು. ಟ್ರಾನ್ಸಿಸ್ಟರು ಮಾತ್ರ 60ಕ್ಕಿಂತ ಸಾಕಷ್ಟು ಹೆಚ್ಚು, ಅಂದರೆ 100 ವೋಲ್ಟು ತಾಳುವಂತಹುದಿರಬೇಕು.

ತೆರೆಯುವಾಗಿನ ವಿಳಂಬವನ್ನೂ ಮರೆಯಲಾಗದು. ಚಳಿಯ ಮುಂಜಾನೆ ಸೆಲ್ಫ್ ಸ್ಟಾರ್ಟ್ ಒತ್ತಿದಾಗ ಬ್ಯಾಟರಿ 9 ವೋಲ್ಟಿಗೆ ಕುಸಿದರೆ, ಅರ್ಧ ಆಂಪಿಯರು ತಲುಪಲು 0.7ರ ಬದಲು 1.1 ಮಿಲಿಸೆಕೆಂಡು ಬೇಕು. ಆ ಕೊರತೆಯನ್ನು ಗಣಕವು ವೋಲ್ಟೇಜನ್ನು ಅಳೆದು ತುಂಬಿಕೊಡಬೇಕು.

2-3 ಓಮಿನ ಅಲ್ಪರೋಧದ ಇಂಜೆಕ್ಟರುಗಳಿಗೆ ಈ ಮಂಡಲ ಸಲ್ಲದು. ಅವಕ್ಕೆ ತೆರೆಯಲು ಸುಮಾರು 4 ಆಂಪಿಯರು ಕೊಟ್ಟು, ಬಳಿಕ ಹಿಡಿದಿಡಲು 1 ಆಂಪಿಯರಿಗೆ ಇಳಿಸುವ ಬೇರೊಂದು ವಿಧಾನವುಂಟು. ಅಂತಹುದನ್ನು ಪರೀಕ್ಷೆಗೆಂದು ಬ್ಯಾಟರಿಗೆ ನೇರವಾಗಿ ಹಿಡಿದಿಟ್ಟರೆ ಸುರುಳಿ ಸುಟ್ಟೀತು. ಮೊದಲು ಮೀಟರಿನಿಂದ ರೋಧವನ್ನು ಅಳೆಯತಕ್ಕದ್ದು.